ಮುರುಡೇಶ್ವರ, ಗೋಕರ್ಣಕ್ಕೆ ಹೊರಡುವ ಕೋಲಾರದವರಿಗೆ, ಅವರನ್ನು ಕಳಿಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕೋಲಾರ ಜಿಲ್ಲೆಯ ಶಾಲಾ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಸ್ತ್ರೀಶಕ್ತಿ ಸಂಘಗಳವರು, ಟಿಟಿ (ಟೆಂಪೊ ಟ್ರಾವೆಲರ್) ಮತ್ತು ಮಿನಿಬಸ್ ಮಾಲೀಕರು, ಚಾಲಕರು, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೊರಡುವ ಯಜಮಾನರು. ಜೊತೆಗೆ ಜಿಲ್ಲಾಧಿಕಾರಿಗಳು ಹಾಗೂ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು.

ವಿಷಯ: ಶನಿವಾರ-ಭಾನುವಾರದ ಕರಾವಳಿ ಯಾತ್ರೆಯ ವೇಳಾಪಟ್ಟಿ ಮತ್ತು ಸಮುದ್ರಸ್ನಾನದ ಕುರಿತು.

ಮಾನ್ಯರೆ,

2024ರ ಡಿಸೆಂಬರ್ 10ರ ಸಂಜೆ ಮುರುಡೇಶ್ವರದ ಕಡಲತೀರದಲ್ಲಿ ನಮ್ಮ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದಾದ ಮೇಲೆ ಯಾರನ್ನು ಅಮಾನತು ಮಾಡಬೇಕು, ಎಷ್ಟು ಪರಿಹಾರ ಕೊಡಬೇಕು ಎಂಬ ಮಾತು ಬೇಕಾದಷ್ಟು ನಡೆಯಿತು. ತೀರವನ್ನು ಕೆಲವು ದಿನ ಮುಚ್ಚಿ ಮತ್ತೆ ತೆರೆದರು. ನಮ್ಮ ಜಿಲ್ಲೆಯಿಂದ ಬಸ್ಸುಗಳು ಮತ್ತೆ ಹೊರಟವು. ಹೊರಡಲಿ, ಅದು ತಪ್ಪೇನಲ್ಲ. ಗೋಕರ್ಣದ ಮಹಾಬಲೇಶ್ವರನನ್ನು ನೋಡಬೇಕೆಂಬ ಆಸೆ, ಮಕ್ಕಳಿಗೆ ಒಂದು ಸಲವಾದರೂ ಸಮುದ್ರ ತೋರಿಸಬೇಕೆಂಬ ಆಸೆ ಬಯಲುಸೀಮೆಯ ಮನೆಮನೆಯಲ್ಲೂ ಇದೆ. ಆದರೆ ಬಸ್ಸು ಹೊರಡುವ ಮುಂಚೆ ಮಾಡುವ ಸ್ಥಳಗಳ ಪಟ್ಟಿ ಮಾತ್ರ ಮೊದಲಿನಂತೆಯೇ ಉಳಿದಿದೆ. ಅಪಾಯ ಶುರುವಾಗುವುದು ಆ ಪಟ್ಟಿಯಲ್ಲಿ ಎಂಬುದೇ ಈ ಪತ್ರದ ಮುಖ್ಯ ಮಾತು.

ಪಟ್ಟಿ ಹೇಗಿರುತ್ತದೆ ನೋಡಿ. ಶುಕ್ರವಾರ ರಾತ್ರಿ ಹೊರಟು ಧರ್ಮಸ್ಥಳ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಇಡಗುಂಜಿ, ಗೋಕರ್ಣ, ಜೋಗ. ಸೋಮವಾರ ಬೆಳಗ್ಗೆ ವಾಪಸ್. 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ತೆರೆದ ಮೇಲೆ, ಲಾಂಚಿಗೆ ಕಾಯುವ ಹೊತ್ತು ಉಳಿಯಿತೆಂದು ಚೌಡೇಶ್ವರಿಯ ದರ್ಶನವನ್ನೂ ಸೇರಿಸುವವರಿದ್ದಾರೆ. ಎರಡು ಹಗಲಿಗೆ ಏಳೆಂಟು ಸ್ಥಳ.

ಇದನ್ನು ಗಂಟೆಗೆ ಇಳಿಸಿ ಲೆಕ್ಕ ಹಾಕೋಣ. ಕೋಲಾರದಿಂದ ಧರ್ಮಸ್ಥಳಕ್ಕೆ ಸುಮಾರು 365 ಕಿ.ಮೀ. ಬೆಂಗಳೂರು ದಾಟುವುದಕ್ಕೇ ಶುಕ್ರವಾರ ರಾತ್ರಿ ಎರಡು ಗಂಟೆ ಹೋಗುತ್ತದೆ. ರಾತ್ರಿ ಒಂಬತ್ತಕ್ಕೆ ಹೊರಟರೆ ಬೆಳಗಿನ ಐದಾರು ಗಂಟೆಗೆ ಧರ್ಮಸ್ಥಳ. ಸ್ನಾನ, ಸರತಿ ಸಾಲು, ದರ್ಶನ, ತಿಂಡಿ ಮುಗಿಯುವಾಗ ಒಂಬತ್ತೂವರೆ. ಉಡುಪಿಗೆ ನೂರು ಕಿ.ಮೀ. ಚಿಲ್ಲರೆ, ಕೃಷ್ಣಮಠದಲ್ಲಿ ಊಟ ಮುಗಿಸುವಾಗ ಮಧ್ಯಾಹ್ನ ಒಂದೂವರೆ. ಅಲ್ಲಿಂದ ಕೊಲ್ಲೂರು, ಕೊಲ್ಲೂರಿನಿಂದ ಬೈಂದೂರು, ಭಟ್ಕಳದ ಮೇಲೆ ಮುರುಡೇಶ್ವರ. ಎಲ್ಲೂ ಟೈರು ಪಂಚರ್ ಆಗದೆ, ಯಾರಿಗೂ ವಾಂತಿಯಾಗದೆ ಹೋದರೂ ಮುರುಡೇಶ್ವರದ ಮರಳಿಗೆ ಕಾಲಿಡುವುದು ಸಂಜೆ ಐದೂವರೆಗೆ. ಡಿಸೆಂಬರಿನಲ್ಲಿ ಅಲ್ಲಿ ಆರು ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ.

ಆ ಹೊತ್ತಿಗೆ ಬಸ್ಸಿನಲ್ಲಿರುವವರ ಸ್ಥಿತಿ ಏನು? ರಾತ್ರಿ ಕೂತೇ ತೂಕಡಿಸಿದ ಮಕ್ಕಳು. ಹಗಲೆಲ್ಲ ಚಪ್ಪಲಿ ಬಿಟ್ಟು, ಚಪ್ಪಲಿ ಹುಡುಕಿ, ಎಣಿಸಿ ಎಣಿಸಿ ಸುಸ್ತಾದ ಮೇಷ್ಟ್ರುಗಳು. ಮುಂದೆ ರೂಮು ಹುಡುಕಬೇಕು, ಅಡುಗೆಯವರು ಒಲೆ ಹಚ್ಚಬೇಕು. ಹಾಗಾಗಿ ತೀರಕ್ಕೆ ಸಿಗುವುದು ಅರ್ಧ ಗಂಟೆ. ಜೀವನದಲ್ಲಿ ಮೊದಲ ಸಲ ಸಮುದ್ರ ಕಾಣುತ್ತಿರುವ ಐವತ್ತು ಮಕ್ಕಳಿಗೆ "ಅರ್ಧ ಗಂಟೆ ಮಾತ್ರ" ಎಂದರೆ ಎಲ್ಲರೂ ಒಟ್ಟಿಗೆ ಓಡುತ್ತಾರೆ. ಎದುರಿಗೆ ಮುಳುಗುವ ಸೂರ್ಯ, ನೀರಿನ ಮೇಲೆ ಕಣ್ಣು ಕುಕ್ಕುವ ಹೊಳಪು. ಆ ಹೊಳಪಿನಲ್ಲಿ ಮೂವತ್ತು ಮೀಟರ್ ಆಚೆಯ ತಲೆ ಯಾರದೆಂದು ಗುರುತು ಹಿಡಿಯಲು ಆಗುವುದಿಲ್ಲ. ಸೂರ್ಯ ಮುಳುಗಿದ ಹತ್ತಿಪ್ಪತ್ತು ನಿಮಿಷಕ್ಕೆ ತಲೆಯೇ ಕಾಣುವುದಿಲ್ಲ. ಮಗು ತಪ್ಪಿಹೋಗಿದೆ ಎಂದು ಗೊತ್ತಾಗುವುದು ಬಸ್ಸಿನ ಬಾಗಿಲಲ್ಲಿ ಎಣಿಸುವಾಗ.

ಇಷ್ಟು ಸ್ಥಳ ತುರುಕುವುದಕ್ಕೆ ದುಡ್ಡಿನ ಕಾರಣವೂ ಇದೆ, ಅದನ್ನೂ ಹೇಳಬೇಕು. ಬಾಡಿಗೆ ಗಾಡಿಯವರು ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 250ರಿಂದ 300 ಕಿ.ಮೀ. ಎಂದು ಲೆಕ್ಕ ಹಿಡಿಯುತ್ತಾರೆ; ದಿನ ಎಂದರೆ ರಾತ್ರಿ ಹನ್ನೆರಡರಿಂದ ರಾತ್ರಿ ಹನ್ನೆರಡು. ಒಂಬತ್ತಕ್ಕೆ ಹೊರಟರೆ ಮೂರು ಗಂಟೆಗೆ ಒಂದು ದಿನದ ಬಾಡಿಗೆ ಬೀಳುತ್ತದೆಂದು ಹನ್ನೆರಡಕ್ಕೇ ಹೊರಡುವವರಿದ್ದಾರೆ. ಆಗ ಮೂರು ಗಂಟೆಯ ತಡ ಇಡೀ ಪಟ್ಟಿಗೆ ತಗಲುತ್ತದೆ, ಕೊನೆಗೆ ಸಮುದ್ರ ಕತ್ತಲಿಗೆ ಬೀಳುತ್ತದೆ. ಕೊಟ್ಟ ಬಾಡಿಗೆಗೆ ಇನ್ನೊಂದು ದೇವಸ್ಥಾನ ಸೇರಲಿ ಎಂಬ ಆಸೆ ಸಹಜ. ದೇವಸ್ಥಾನ ಎಷ್ಟಾದರೂ ಸೇರಿಸಿಕೊಳ್ಳಿ, ಆದರೆ ನೀರಿನ ಹೊತ್ತನ್ನು ಮೊದಲು ಗೊತ್ತುಮಾಡಿ, ಉಳಿದದ್ದನ್ನು ಅದರ ಸುತ್ತ ಕೂರಿಸಿ.

ಚಾಲಕರ ವಿಷಯ ಚಿಕ್ಕದಾಗಿ. ಕಾರ್ಮಿಕ ಕಾನೂನು ದಿನಕ್ಕೆ ಎಂಟು ಗಂಟೆ ಕೆಲಸ ಎನ್ನುತ್ತದೆ. ಮೇಲಿನ ಪಟ್ಟಿಯಲ್ಲಿ ಒಬ್ಬನೇ ಚಾಲಕ ಇಪ್ಪತ್ತು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಸ್ಟೇರಿಂಗ್ ಹಿಡಿದಿರುತ್ತಾನೆ. ರಾತ್ರಿ ಪ್ರಯಾಣ ಇದ್ದರೆ ಇಬ್ಬರು ಚಾಲಕರು ಇರಲೇಬೇಕು. ಮಾಲೀಕರು ಇಲ್ಲವೆಂದರೆ ಬೇರೆ ಗಾಡಿ ನೋಡಿ.

ಈಗ ನೀರಿನ ವಿಷಯಕ್ಕೆ ಬರೋಣ.

ನಮ್ಮದು ವರ್ಷವಿಡೀ ಹರಿಯುವ ನದಿಯೇ ಇಲ್ಲದ ಜಿಲ್ಲೆ. ಪಾಲಾರ್ ಹೆಸರಿಗೆ ಇದೆ. ನಮಗೆ ನೀರು ಎಂದರೆ ಕೆರೆ, ಕಲ್ಯಾಣಿ, ಬಾವಿ. ಸೊಂಟಕ್ಕೆ ಸೋರೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ಗಂಡಸರು ನಮ್ಮಲ್ಲಿ ಬೇಕಾದಷ್ಟು ಜನ. ಅವರೇ ಸಮುದ್ರದಲ್ಲಿ ಹೆಚ್ಚು ಧೈರ್ಯ ಮಾಡುವವರು. ಬಾವಿಯಲ್ಲಿ ನೀರು ನಿಂತಿರುತ್ತದೆ, ನಾಲ್ಕು ಕೈ ಬೀಸಿದರೆ ಮೆಟ್ಟಿಲು ಸಿಗುತ್ತದೆ. ಸಮುದ್ರದಲ್ಲಿ ನೀರೇ ನಡೆಯುತ್ತಿರುತ್ತದೆ, ಮೆಟ್ಟಿಲು ಎಲ್ಲೂ ಇಲ್ಲ.

ಅಲೆ ಜನರನ್ನು ಎಳೆದುಕೊಂಡು ಹೋಗುತ್ತದೆ ಎಂದು ನಾವು ಹೇಳುತ್ತೇವೆ. ನಿಜದಲ್ಲಿ ಅಲೆ ನೀರನ್ನು ದಡದ ಕಡೆಗೆ ತಳ್ಳುತ್ತದೆ. ದಡಕ್ಕೆ ಸ್ವಲ್ಪ ದೂರದಲ್ಲಿ, ನೀರಿನ ಅಡಿಯಲ್ಲಿ, ದಡಕ್ಕೆ ಉದ್ದಕ್ಕೂ ಮರಳಿನ ದಿಬ್ಬ ಇರುತ್ತದೆ. ಅಲೆಗಳು ಆ ದಿಬ್ಬದ ಮೇಲೆ ಒಡೆದು ಒಳಗೆ ನೀರು ತುಂಬುತ್ತವೆ. ತುಂಬಿದ ನೀರು ಹಿಂದಕ್ಕೆ ಹೋಗಬೇಕಲ್ಲ, ಅದು ದಿಬ್ಬ ಎಲ್ಲಿ ತಗ್ಗಾಗಿದೆಯೋ ಆ ಸಂದಿಯಲ್ಲಿ ಒಟ್ಟಾಗಿ ನುಗ್ಗಿ ಹೊರಹೋಗುತ್ತದೆ. ಇದೇ ಸೆಳವು. ಕೆರೆಗೆ ತೂಬು ಇದ್ದ ಹಾಗೆ ಇದು ಸಮುದ್ರದ ತೂಬು. ಕೆರೆ ಎಷ್ಟೇ ಶಾಂತವಾಗಿದ್ದರೂ ತೂಬು ಎತ್ತಿದಾಗ ಅದರ ಹತ್ತಿರ ಇಳಿಯಬಾರದೆಂದು ನಮ್ಮ ಹಳ್ಳಿಯ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಮುದ್ರದಲ್ಲಿ ತೂಬು ಎಲ್ಲಿದೆ ಎಂದು ಗುರುತಿಸುವುದನ್ನು ಮಾತ್ರ ಹೇಳಿಕೊಡಬೇಕು.

ಗುರುತುಗಳು ಇವು. ಎರಡು ಕಡೆ ಬಿಳಿ ನೊರೆಯ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ಅಲೆ ಇಲ್ಲದೆ ಸಪಾಟಾಗಿ, ಕಪ್ಪಗೆ ಕಂಡರೆ ಅದೇ ಸೆಳವು. ಕೆಲವೊಮ್ಮೆ ಕಲಕಿದ ಮರಳಿನಿಂದ ಆ ಪಟ್ಟಿ ಕೆಂಚಗಿರುತ್ತದೆ, ನೊರೆ, ಕಸ, ಎಲೆಗಳು ಅದರ ಮೇಲೆ ಸಮುದ್ರದ ಕಡೆಗೆ ಸಾಗುತ್ತಿರುತ್ತವೆ. ಈಜು ಬಾರದವರು "ಇಲ್ಲಿ ಅಲೆ ಕಡಿಮೆ, ಮಕ್ಕಳಿಗೆ ಒಳ್ಳೆಯದು" ಎಂದು ಆರಿಸಿಕೊಳ್ಳುವ ಜಾಗ ಬಹಳ ಸಲ ಇದೇ ಆಗಿರುತ್ತದೆ. ಇದು ಮನಸ್ಸಿನಲ್ಲಿ ನಿಲ್ಲಬೇಕಾದ ಮಾತು: ಅಲೆ ಇಲ್ಲದ ಸಂದಿಯನ್ನು ನಂಬಬೇಡಿ. ಬಂಡೆ ಮತ್ತು ಗುಡ್ಡದ ಪಕ್ಕದಲ್ಲಿ ಸೆಳವು ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ, ಏಕೆಂದರೆ ದಡದುದ್ದಕ್ಕೆ ಹರಿದು ಬಂದ ನೀರು ಬಂಡೆಗೆ ತಾಗಿ ಹೊರಕ್ಕೆ ತಿರುಗುತ್ತದೆ. ಮುರುಡೇಶ್ವರದ ದೇವಸ್ಥಾನವಿರುವ ಕಂದುಕ ಗಿರಿಗೆ ಮೂರು ಕಡೆ ಸಮುದ್ರ. ಗುಡ್ಡದ ಬುಡಕ್ಕೆ ಅಂಟಿಕೊಂಡು ನೀರಿಗೆ ಇಳಿಯಬೇಡಿ. ಗೋಕರ್ಣದ ಓಂ ಬೀಚು, ಕುಡ್ಲೆ ಬೀಚುಗಳ ಬಂಡೆಗಳ ಪಕ್ಕಕ್ಕೂ ಇದೇ ಮಾತು. ಪಾಚಿ ಕಟ್ಟಿದ ಬಂಡೆ ಹತ್ತಿ ಫೋಟೊ ತೆಗೆಸಿಕೊಳ್ಳುವುದಂತೂ ಬೇಡವೇ ಬೇಡ.

ಸೆಳವು ನೋಡುವುದಕ್ಕೆ ಎತ್ತರದ ಜಾಗ ಒಳ್ಳೆಯದು. ಮುರುಡೇಶ್ವರದಲ್ಲಿ ಅದಕ್ಕೆ ಅನುಕೂಲ ಇದೆ. 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ, ಟಿಕೆಟ್ ಕೊಂಡು ಮೇಲೆ ಹೋಗಬಹುದು. ಎಲ್ಲರೂ ಅಲ್ಲಿಂದ 123 ಅಡಿಯ ಶಿವನ ಮೂರ್ತಿಯನ್ನು ನೋಡಿ ಇಳಿದು ಬರುತ್ತಾರೆ. ಐದು ನಿಮಿಷ ತೀರದ ಕಡೆಗೂ ನೋಡಿ. ಎಲ್ಲಿ ಬಿಳಿ ಗೆರೆ ಒಡೆಯುತ್ತಿದೆ, ಎಲ್ಲಿ ಗೆರೆ ತುಂಡಾಗಿದೆ ಎಂದು ಮಕ್ಕಳಿಂದಲೇ ಗುರುತು ಮಾಡಿಸಿ. ನೀರಿಗೆ ಇಳಿಯುವ ಮುಂಚೆ ಗೋಪುರ ಹತ್ತಿ, ಇಳಿದ ಮೇಲಲ್ಲ. ಶಾಲಾ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೆಯ ಭೂಗೋಳದ ಪಾಠ ಸಿಗಲಾರದು.

ಸೆಳವಿನಲ್ಲಿ ಸಿಕ್ಕವರು ಮುಳುಗುವುದು ಏಕೆ? ಜೋರಾದ ಸೆಳವು ಸೆಕೆಂಡಿಗೆ ಎರಡು ಮೀಟರ್ ಮೀರಿ ಹರಿಯುತ್ತದೆ. ಒಲಿಂಪಿಕ್ಸ್ ಈಜುಗಾರರಿಗೂ ಅದರ ಎದುರು ಈಜುವುದು ಕಷ್ಟ. ದಡದ ಕಡೆಗೇ ಕೈ ಬೀಸಿ ಬೀಸಿ ಸುಸ್ತಾಗಿ ಮುಳುಗುತ್ತಾರೆ. ಸೆಳವು ಹೊರಕ್ಕೆ ಒಯ್ಯುತ್ತದೆಯೇ ಹೊರತು ಅಡಿಗೆ ಎಳೆಯುವುದಿಲ್ಲ. ಅಲೆ ಒಡೆಯುವ ಗೆರೆ ದಾಟಿದ ಮೇಲೆ ಅದರ ಬಲ ಕರಗುತ್ತದೆ. ಹಾಗಾಗಿ ಮಾಡಬೇಕಾದದ್ದು: ಅಂಗಾತ ಮಲಗಿ ತೇಲಿ, ಉಪ್ಪುನೀರು ಬಾವಿಯ ನೀರಿಗಿಂತ ಚೆನ್ನಾಗಿ ತೇಲಿಸುತ್ತದೆ. ಒಂದು ಕೈ ಎತ್ತಿ ಕರೆಯಿರಿ. ಈಜು ಬಂದರೆ ದಡಕ್ಕೆ ಎದುರಾಗಿ ಈಜದೆ ಅಡ್ಡಕ್ಕೆ, ಅಂದರೆ ದಡದ ಉದ್ದಕ್ಕೆ, ಇಪ್ಪತ್ತು ಮೂವತ್ತು ಮೀಟರ್ ಸರಿದು, ಬಿಳಿ ಅಲೆ ಒಡೆಯುವಲ್ಲಿಗೆ ಬಂದು, ಆ ಅಲೆಗಳ ಜೊತೆಯಲ್ಲೇ ದಡಕ್ಕೆ ಬನ್ನಿ. ಈ ನಾಲ್ಕು ಮಾತನ್ನು ಬಸ್ಸಿನಲ್ಲಿ ಅಂತ್ಯಾಕ್ಷರಿ ಶುರುಮಾಡುವ ಮುಂಚೆ ಹೇಳಿ, ಮಕ್ಕಳಿಂದ ತಿರುಗಿ ಹೇಳಿಸಿ.

ಮಂಡಿಯುದ್ದ ನೀರು ಎಂದರೆ ಏನೂ ಆಗದು ಎಂಬುದೂ ಅರ್ಧ ಸತ್ಯ. ನಿಂತಾಗ ಮಂಡಿಗೆ ಇದ್ದ ನೀರು ಒಂದು ಅಲೆ ಬಂದಾಗ ಸೊಂಟಕ್ಕೆ ಬರುತ್ತದೆ. ಒಂದು ಘನ ಮೀಟರ್ ನೀರು ಒಂದು ಟನ್ ತೂಕ. ಅಲೆ ಹಿಂದಕ್ಕೆ ಹೋಗುವಾಗ ಪಾದದ ಕೆಳಗಿನ ಮರಳನ್ನೂ ಕೊರೆದು ಒಯ್ಯುತ್ತದೆ. ಹಿಮ್ಮಡಿ ಕುಸಿಯುತ್ತದೆ, ಮಗು ಹಿಂದಕ್ಕೆ ಕೂರುತ್ತದೆ, ಅಷ್ಟರಲ್ಲಿ ಎರಡನೆಯ ಅಲೆ ತಲೆಯ ಮೇಲೆ. ಹಾಗಾಗಿ ಮಕ್ಕಳಿಗೆ ಕಣಕಾಲು, ದೊಡ್ಡವರಿಗೆ ಮಂಡಿ. ಸಮುದ್ರಕ್ಕೆ ಬೆನ್ನು ಮಾಡಿ ಯಾರೂ ನಿಲ್ಲಬಾರದು, ಗುಂಪು ಫೋಟೊಗೂ ಸಹ.

ಸೀರೆ ಉಟ್ಟ ಹೆಂಗಸರು ಇನ್ನೂ ಹುಷಾರಾಗಿರಬೇಕು. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಬಿದ್ದವರು ಏಳಲಾರರು. ಇಳಿಯುವುದಾದರೆ ನೆರಿಗೆ ಎತ್ತಿ ಬಿಗಿಯಾಗಿ ಸಿಕ್ಕಿಸಿಕೊಳ್ಳಿ, ಚೂಡಿದಾರದ ವೇಲನ್ನು ದಡದಲ್ಲೇ ಇಡಿ. ಮಕ್ಕಳಿಗೆ ನೀಲಿ, ಬಿಳಿ, ಬೂದು ಬಣ್ಣದ ಬಟ್ಟೆ ಬೇಡ. ನೊರೆಯಲ್ಲಿ, ನೀರಿನಲ್ಲಿ ಅವು ಕಾಣುವುದಿಲ್ಲ. ಕಡುಕಿತ್ತಳೆ ಅಥವಾ ಗಿಳಿಹಸಿರು ಟೀ-ಶರ್ಟು ದೂರಕ್ಕೂ ಕಾಣುತ್ತದೆ. ಕುಡಿದವರನ್ನು ನೀರಿನ ಹತ್ತಿರ ಬಿಡಲೇಬೇಡಿ. ಗಂಡಸರ ಗುಂಪುಗಳಲ್ಲಿ ಈ ಮಾತು ಹೇಳುವ ಒಬ್ಬರಾದರೂ ಇರಬೇಕು.

ಭರತ-ಇಳಿತದ ವಿಷಯ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದರಿಂದ ಒಂದಕ್ಕೆ ಆರು ಗಂಟೆಗೆ ಚೂರು ಹೆಚ್ಚು, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ನಮ್ಮ ಜನ ಪುಣ್ಯಸ್ನಾನಕ್ಕೆ ಆರಿಸುವುದೂ ಅವೇ ದಿನಗಳನ್ನು. ನೀರು ಇಳಿಯುವ ಹೊತ್ತಿನಲ್ಲಿ ಸೆಳವಿಗೆ ಬಲ ಬರುತ್ತದೆ. ಆ ದಿನದ ಹೊತ್ತು ತಿಳಿಯಲು ಅಲ್ಲಿನ ಮೀನುಗಾರರನ್ನು ಕೇಳಿದರೆ ಸಾಕು. "ಅಣ್ಣ, ನೀರು ಏರ್ತಿದ್ಯಾ, ಇಳೀತಿದ್ಯಾ?" ಎಂದು ಕೇಳಿದರೆ ಯಾರೂ ಹೇಳದೆ ಇರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರಸ್ನಾನದ ಯೋಚನೆಯೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಮೀನಿನ ಸಂತತಿಗಾಗಿ ಆ ನಿಷೇಧ ಇದೆ ಎಂಬುದು ನಿಜ. ಆದರೆ ಆ ತಿಂಗಳ ಕಡಲು ಹೇಗಿರುತ್ತದೆ ಎಂದು ಕಡಲಿನ ಮಕ್ಕಳನ್ನೇ ಕೇಳಿ. ಏಪ್ರಿಲ್-ಮೇ ತಿಂಗಳಲ್ಲಿ ಇನ್ನೊಂದು ತೊಂದರೆ: ದಕ್ಷಿಣದ ದೂರದ ಸಾಗರದಲ್ಲಿ ಎದ್ದ ಬಿರುಗಾಳಿಯ ಉಬ್ಬಲೆ ಸಾವಿರಾರು ಕಿ.ಮೀ. ದಾಟಿ ನಮ್ಮ ತೀರಕ್ಕೆ ಬರುತ್ತದೆ. ಇಲ್ಲಿ ಗಾಳಿ ಇರುವುದಿಲ್ಲ, ಮೋಡ ಇರುವುದಿಲ್ಲ, ಅಲೆ ಮಾತ್ರ ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ. ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್ (INCOIS) ಇಂಥ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ದಿನ ಅದನ್ನು ನೋಡಿ. ಮಳೆ ಇಲ್ಲ ಎಂದರೆ ಸಮುದ್ರ ಶಾಂತ ಎಂದು ತಿಳಿಯಬಾರದು. ಮೇಲೆ ಹೇಳಿದ ದುರಂತ ನಡೆದದ್ದೂ ಡಿಸೆಂಬರಿನಲ್ಲಿ, ಎಲ್ಲರೂ ಒಳ್ಳೆಯ ಕಾಲ ಎನ್ನುವ ತಿಂಗಳಲ್ಲಿ.

ಇನ್ನು ಗಾಡಿಯಲ್ಲಿ ಇರಬೇಕಾದ ಸಾಮಾನು. ಅಡುಗೆ ಪಾತ್ರೆ, ಗ್ಯಾಸು, ಸೌಟು, ರಾಗಿ ಹಿಟ್ಟು ಎಲ್ಲ ಹೇರುವ ನಾವು ಹಗ್ಗ ಮಾತ್ರ ಹೇರುವುದಿಲ್ಲ. ಬೆರಳು ದಪ್ಪದ ನೈಲಾನ್ ಹಗ್ಗ 25 ಮೀಟರ್. ತಿರುಗಣೆ ಮುಚ್ಚಳದ 10 ಲೀಟರಿನ ಖಾಲಿ ಕ್ಯಾನು ಎರಡು. ಅಡುಗೆ ಎಣ್ಣೆಯದಾದರೂ ಸರಿ, ಸೋಪು ಹಾಕಿ ತೊಳೆದಿರಬೇಕು, ಜಿಡ್ಡಿದ್ದರೆ ಕೈ ಜಾರುತ್ತದೆ. ಒಂದೊಂದರಲ್ಲೂ ಅರ್ಧ ಲೀಟರಿನಷ್ಟು ನೀರು ಬಿಡಿ. ಪೂರ್ತಿ ಖಾಲಿ ಕ್ಯಾನನ್ನು ಎಸೆದರೆ ಕಡಲ ಗಾಳಿ ವಾಪಸ್ ದಡಕ್ಕೇ ತರುತ್ತದೆ, ಸ್ವಲ್ಪ ತೂಕವಿದ್ದರೆ ದೂರ ಹೋಗುತ್ತದೆ. ಹಗ್ಗವನ್ನು ಹಿಡಿಕೆಗೆ ಕಟ್ಟಿ, ಇನ್ನೊಂದು ತುದಿಯನ್ನು ಮುಂಗೈಗೆ ಸುತ್ತಿಕೊಳ್ಳದೆ ಕಾಲ ಕೆಳಗೆ ತುಳಿದು ಹಿಡಿಯಿರಿ. ಸುತ್ತಿಕೊಂಡರೆ ಎಸೆದವರನ್ನೂ ಎಳೆದೀತು. ಮನುಷ್ಯನ ತಲೆ ನೀರಿನ ಮೇಲಿರಲು ನಾಲ್ಕೈದು ಕೆ.ಜಿ.ಯಷ್ಟು ತೇಲುವ ಬಲ ಸಾಕು, ಹತ್ತು ಲೀಟರ್ ಕ್ಯಾನು ಅದರ ಎರಡರಷ್ಟು ಕೊಡುತ್ತದೆ. ಕುಡಿಯುವ ನೀರಿನ 20 ಲೀಟರ್ ಕ್ಯಾನು ಗಾಡಿಯಲ್ಲಿ ಹೇಗೂ ಇರುತ್ತದಲ್ಲ, ಅದೇ ಆಗುತ್ತದೆ ಎಂದುಕೊಳ್ಳಬೇಡಿ. ಅದರ ಮುಚ್ಚಳ ಒಂದು ಸಲ ಕಿತ್ತರೆ ಮತ್ತೆ ಬಿಗಿಯಾಗುವುದಿಲ್ಲ. ನೀರು ತುಂಬಿಕೊಂಡು ಅದೇ ಮುಳುಗುತ್ತದೆ.

ಯಾರಾದರೂ ಕೊಚ್ಚಿಹೋಗುತ್ತಿದ್ದರೆ ಕೈ ಕೈ ಹಿಡಿದು ಸರಪಳಿ ಮಾಡಿ ನೀರಿಗೆ ಇಳಿಯಬೇಡಿ. ಒಂದು ಕೈ ಬಿಟ್ಟರೆ ಆಚೆಯ ಅಷ್ಟೂ ಜನ ಹೋಗುತ್ತಾರೆ. ಒಬ್ಬರನ್ನು ಉಳಿಸಲು ಹೋಗಿ ಮೂವರು ಮುಳುಗಿದ ಸುದ್ದಿಗಳ ಹಿಂದೆ ಇರುವುದು ಇದೇ. ಜೀವರಕ್ಷಕರನ್ನು ಕೂಗಿ, ಕ್ಯಾನು ಎಸೆಯಿರಿ, ಒಬ್ಬರು ಮುಳುಗುತ್ತಿರುವವರ ಮೇಲಿಟ್ಟ ಕಣ್ಣು ಕೀಳದೆ ಕೈ ತೋರಿಸುತ್ತಲೇ ನಿಲ್ಲಿ. ಕಣ್ಣು ತಪ್ಪಿದರೆ ಅಲೆಗಳ ನಡುವೆ ಮತ್ತೆ ಸಿಗುವುದು ಕಷ್ಟ.

ಮುಳುಗುವವರು ಸಿನಿಮಾದಲ್ಲಿ ಕಾಣುವಂತೆ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಏರುತ್ತ ಇಳಿಯುತ್ತ ಇರುತ್ತದೆ, ಉಸಿರಿಗೇ ಸಮಯ ಸಾಲದು, ಕೂಗು ಎಲ್ಲಿಂದ ಬರಬೇಕು? ಪಕ್ಕದಲ್ಲಿ ಆಡುತ್ತಿರುವವರಿಗೂ ಗೊತ್ತಾಗುವುದಿಲ್ಲ. ಆದ್ದರಿಂದಲೇ ಪ್ರತಿ ಗುಂಪಿನಲ್ಲೂ ನೀರಿಗೆ ಇಳಿಯದ ಒಬ್ಬ ಕಾವಲಿನವರು ಬೇಕು. ಅವರ ಕೈಯಲ್ಲಿ ಸೀಟಿ ಇರಲಿ, ಫೋನು ಇರಬಾರದು. ಇಪ್ಪತ್ತು ನಿಮಿಷಕ್ಕೊಮ್ಮೆ ಬೇರೆಯವರು ಬರಲಿ. ಅದಕ್ಕಿಂತ ಹೆಚ್ಚು ಹೊತ್ತು ಹೊಳೆಯುವ ನೀರನ್ನು ನೋಡಿದರೆ ಕಣ್ಣು ಸೋಲುತ್ತದೆ. ಮಕ್ಕಳನ್ನು ಹತ್ತು ಹತ್ತು ಜನರಂತೆ ಬಿಡಿ, ಉಳಿದವರು ಮರಳಿನಲ್ಲಿ ಕೂತಿರಲಿ. ಹತ್ತು ಮಕ್ಕಳಿಗೆ ಮೂವರು ದೊಡ್ಡವರು, ಅವರು ಮಕ್ಕಳಿಗಿಂತ ಸಮುದ್ರದ ಕಡೆ ನಿಂತಿರಬೇಕು. ದಡದ ಕಡೆ ನಿಂತು "ಬನ್ರೋ, ಬನ್ರೇ" ಎಂದು ಕರೆಯುವುದರಿಂದ ಪ್ರಯೋಜನವಿಲ್ಲ.

ಹೊರಗೆ ತಂದ ಮೇಲೆ ನಮ್ಮಲ್ಲಿ ಮಾಡುವ ತಪ್ಪು ಒಂದಿದೆ. ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು. ಇದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗುತ್ತದೆ, ಅಮೂಲ್ಯವಾದ ಹೊತ್ತೂ ಹೋಗುತ್ತದೆ. ಉಸಿರು ನಿಂತು ನಾಲ್ಕಾರು ನಿಮಿಷದಲ್ಲಿ ಮೆದುಳಿಗೆ ಪೆಟ್ಟು ಬೀಳುತ್ತದೆ. ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿ. ಉಸಿರಿಲ್ಲದಿದ್ದರೆ ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ ಎರಡರಿಂದ ಐದು ಸಲ ಊದಿ. ಮುಳುಗಿದವರಿಗೆ ಬೇಕಿರುವುದು ಮೊದಲು ಗಾಳಿ. ಆಮೇಲೆ ಎದೆಯ ನಡುವೆ ಎರಡೂ ಅಂಗೈ ಇಟ್ಟು, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರ ವೇಗದಲ್ಲಿ, ದೊಡ್ಡವರಿಗಾದರೆ ಐದಾರು ಸೆಂ.ಮೀ. ಆಳಕ್ಕೆ 30 ಸಲ ಒತ್ತಿ, ಎರಡು ಸಲ ಊದಿ, ಹೀಗೇ ಮುಂದುವರಿಸಿ. ಜೊತೆಯವರು 112ಕ್ಕೋ 108ಕ್ಕೋ ಫೋನ್ ಮಾಡಲಿ; ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093. ಎದ್ದು ಕೂತು ಮಾತಾಡಿದವರನ್ನೂ ಆಸ್ಪತ್ರೆಗೆ ತೋರಿಸಲೇಬೇಕು, ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ಗಂಟೆ ಕಳೆದ ಮೇಲೂ ಕಾಣಿಸಿಕೊಳ್ಳುತ್ತದೆ. ಮುರುಡೇಶ್ವರದಿಂದ ಮಣಿಪಾಲದ ದೊಡ್ಡ ಆಸ್ಪತ್ರೆಗೆ ನೂರು ಕಿ.ಮೀ. ದೂರ. ಮರಳಿನ ಮೇಲಿನ ಮೊದಲ ಐದು ನಿಮಿಷ ನಿಮ್ಮ ಕೈಯಲ್ಲೇ ಇರುತ್ತದೆ.

ಹಾಗಾದರೆ ಎರಡು ದಿನದ ಯಾತ್ರೆ ಹೇಗಿರಬೇಕು? ಎರಡೇ ಊರು: ಮುರುಡೇಶ್ವರ ಮತ್ತು ಗೋಕರ್ಣ. ನಡುವೆ ಇಡಗುಂಜಿ. ಆತ್ಮಲಿಂಗದ ಕಥೆಯ ಗಣಪತಿಯೂ ಶಿವನೂ ಇಷ್ಟರಲ್ಲೇ ಸಿಗುತ್ತಾರೆ. ಕುಟುಂಬದವರಿಗೆ ರೈಲು ಎಲ್ಲಕ್ಕಿಂತ ಒಳ್ಳೆಯದು. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ಬೆಳಗ್ಗೆ ಕರಾವಳಿ ಮುಟ್ಟುತ್ತದೆ, ಮುರುಡೇಶ್ವರದಲ್ಲೂ ಗೋಕರ್ಣ ರೋಡಿನಲ್ಲೂ ನಿಲ್ಲುತ್ತದೆ. ಗೋಕರ್ಣ ರೋಡ್ ನಿಲ್ದಾಣದಿಂದ ಊರು ಸುಮಾರು ಹತ್ತು ಕಿ.ಮೀ. ಸೀಟು 60 ದಿನ ಮುಂಚೆ ತೆರೆಯುತ್ತದೆ, ಶುಕ್ರವಾರದ ಸೀಟು ಬೇಗ ಮುಗಿಯುತ್ತದೆ. ಕೋಲಾರದಿಂದ ಹೊರಡುವವರು ಬೆಂಗಳೂರಿನ ಟ್ರಾಫಿಕ್ಕಿಗೆಂದೇ ಮೂರು ಗಂಟೆ ಇಟ್ಟುಕೊಂಡು ಹೊರಡಿ.

ರಸ್ತೆಯಲ್ಲೇ ಹೋಗುವುದಾದರೆ ಒಂದು ಮಾತು. ಮುಳಬಾಗಿಲು, ಶ್ರೀನಿವಾಸಪುರದಲ್ಲಿ ನಾವು ದಿನಾ ದಾಟುವ 69ನೇ ರಾಷ್ಟ್ರೀಯ ಹೆದ್ದಾರಿ ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಮಧುಗಿರಿ, ಶಿರಾ, ಹುಳಿಯಾರು, ಕಡೂರು, ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರದಲ್ಲಿ ಸಮುದ್ರದ ಬಳಿಯೇ ಮುಗಿಯುತ್ತದೆ. ಬೆಂಗಳೂರನ್ನು ಹೊಕ್ಕದೆ ಹೋಗಬಹುದು. ಗೇರುಸೊಪ್ಪೆಯ ಘಟ್ಟವನ್ನು ಮಾತ್ರ ಬೆಳಕಿನಲ್ಲಿ ಇಳಿಯುವಂತೆ ಲೆಕ್ಕ ಹಾಕಿ. ಸುಮಾರು 550 ಕಿ.ಮೀ. ದಾರಿಗೆ ಹನ್ನೆರಡು ಗಂಟೆ ಹಿಡಿಯಿರಿ.

ಶನಿವಾರ ಬೆಳಗ್ಗೆ ಮುರುಡೇಶ್ವರ ತಲುಪಿದ ಕೂಡಲೇ ರೂಮು, ಸ್ನಾನ, ತಿಂಡಿ, ಎರಡು ಗಂಟೆ ನಿದ್ದೆ. ನಿದ್ದೆ ಕಡ್ಡಾಯ, ಅದನ್ನು ಪಟ್ಟಿಯಲ್ಲಿ ಬರೆಯಿರಿ. ಆಮೇಲೆ ದರ್ಶನ, ಗೋಪುರ. ಮಧ್ಯಾಹ್ನದ ಮೇಲೆ ಇಡಗುಂಜಿಗೆ ಹೋಗಿ ಬನ್ನಿ. ಸಂಜೆ ತೀರದಲ್ಲಿ ಮರಳಿನ ಮೇಲೆ ಕೂತು ಸೂರ್ಯಾಸ್ತ ನೋಡಿ, ಚುರುಮುರಿ ತಿನ್ನಿ, ನೀರಿಗೆ ಇಳಿಯಬೇಡಿ. ಭಾನುವಾರ ಬೆಳಗಿನ ಆರಕ್ಕೆ ಹೊರಟರೆ ಹೊನ್ನಾವರ, ಕುಮಟಾ ದಾಟಿ ಸುಮಾರು 80 ಕಿ.ಮೀ. ಗೋಕರ್ಣ. ಗೋಕರ್ಣದ ಕ್ರಮವೇ ಸಮುದ್ರಸ್ನಾನ, ಕೋಟಿತೀರ್ಥ, ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಸ್ನಾನವನ್ನು ಬೆಳಗ್ಗೆಯೇ, ಜೀವರಕ್ಷಕರು ಬಂದ ಮೇಲೆ, ಅವರು ತೋರಿಸಿದ ಜಾಗದಲ್ಲಿ ಮಾಡಿ. ಮೂರು ಮುಳುಗು ಹಾಕಲೇಬೇಕೆಂಬ ಹಿರಿಯರನ್ನು ಕಣಕಾಲುದ್ದದಲ್ಲಿ ಕೂರಿಸಿ, ಚೊಂಬಿನಲ್ಲಿ ತಲೆಯ ಮೇಲೆ ಮೂರು ಸಲ ಸಮುದ್ರದ ನೀರು ಹೊಯ್ಯಿರಿ. ಕೋಟಿತೀರ್ಥದ ಮೆಟ್ಟಿಲೂ ಜಾರುತ್ತದೆ, ಅಲ್ಲಿ ಪ್ರೋಕ್ಷಣೆ ಮಾಡಿಕೊಂಡರೆ ಸಾಕು. ದೇವಸ್ಥಾನದಲ್ಲಿ ಗಂಡಸರು ಪಂಚೆ ಉಟ್ಟು, ಅಂಗಿ ಬನಿಯನ್ ತೆಗೆದು ಹೋಗಬೇಕು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಭಾನುವಾರ ಸಾಲು ಉದ್ದ, ಹತ್ತರೊಳಗೆ ಸಾಲಿಗೆ ನಿಂತಿರಿ. ವಾಪಸ್ ಬರುವವರು ಸೋಮವಾರ ಅರ್ಧ ದಿನವಾದರೂ ರಜೆ ಹಾಕಿ. ಭಾನುವಾರ ಹೊರಟು ಸೋಮವಾರ ಬೆಳಗ್ಗೆ ಡ್ಯೂಟಿಗೆ ಹೋಗಲೇಬೇಕೆಂಬ ಹಟವೇ ಚಾಲಕನ ನಿದ್ದೆ ಕದಿಯುವುದು.

ಅಧಿಕಾರಿಗಳಲ್ಲಿ ನಮ್ಮ ಕೋರಿಕೆಗಳು ಇಷ್ಟು. ಶಾಲಾ ಪ್ರವಾಸದ ಅನುಮತಿ ಅರ್ಜಿಯಲ್ಲಿ "ಯಾವ ಸ್ಥಳ" ಎಂದು ಕೇಳುವ ಜೊತೆಗೆ "ಎಷ್ಟು ಗಂಟೆಗೆ" ಎಂದೂ ಕೇಳಿ. ನೀರಿಗೆ ಇಳಿಯುವ ಹೊತ್ತು ಸಂಜೆ ನಾಲ್ಕರ ಮೇಲೆ ಇದ್ದರೆ, ದಿನಕ್ಕೆ ಮೂರಕ್ಕಿಂತ ಹೆಚ್ಚು ಸ್ಥಳ ಇದ್ದರೆ ಅರ್ಜಿಯನ್ನು ತಿದ್ದಿಸಿ. ಜೊತೆಗೆ ಹೋಗುವ ಶಿಕ್ಷಕರಲ್ಲಿ ಇಬ್ಬರಿಗಾದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಎದೆ ಒತ್ತಿ ಉಸಿರು ಕೊಡುವ ಅರ್ಧ ದಿನದ ತರಬೇತಿ ಕೊಡಿಸಿ. ಗೊಂಬೆಯ ಮೇಲೆ ಕೈಯಾರೆ ಮಾಡಿದವರ ಹೆಸರು ಅರ್ಜಿಯಲ್ಲಿ ಇರಲಿ. ದುರಂತದ ಮರುದಿನ ಪ್ರವಾಸಗಳನ್ನೇ ನಿಲ್ಲಿಸುವ ಆದೇಶ ಹೊರಡಿಸುವುದು ಸುಲಭ, ಅದರಿಂದ ಸಮುದ್ರ ಕಾಣದೆ ಉಳಿಯುವವರು ಬಡವರ ಮಕ್ಕಳೇ. ನಿಲ್ಲಿಸಬೇಡಿ, ಸರಿಮಾಡಿ.

ಉತ್ತರ ಕನ್ನಡ ಜಿಲ್ಲಾಡಳಿತಕ್ಕೂ ಒಂದು ವಿನಂತಿ. ನಮ್ಮ ಗಡಿಭಾಗದಿಂದ ಬರುವವರಲ್ಲಿ ತೆಲುಗು, ತಮಿಳು, ಉರ್ದು ಮನೆಮಾತಿನವರು ತುಂಬ ಇದ್ದಾರೆ. ಧ್ವನಿವರ್ಧಕದ ಎಚ್ಚರಿಕೆ ಕನ್ನಡದ ಜೊತೆ ಆ ಭಾಷೆಗಳಲ್ಲೂ ಇರಲಿ. ಆ ದಿನದ ಭರತ-ಇಳಿತದ ಹೊತ್ತನ್ನು ಬಸ್ಸು ನಿಲ್ಲುವ ಜಾಗದಲ್ಲೇ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಕೆಂಪು ಬಾವುಟ ಕಂಡರೆ ಇಳಿಯಬಾರದು, ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಜೀವರಕ್ಷಕರ ಕಣ್ಣಿರುತ್ತದೆ ಎಂಬುದನ್ನು ಚಿತ್ರದಲ್ಲಿ ತೋರಿಸಿ.

ಟಿಟಿ ಮಾಲೀಕರೆ, ನಿಮ್ಮ ಗಾಡಿಯಲ್ಲಿ ಸ್ಟೆಪ್ನಿ, ಜಾಕಿ ಇಲ್ಲದೆ ನೀವು ಹೊರಡುವುದಿಲ್ಲ. ಹಗ್ಗ ಮತ್ತು ಎರಡು ಕ್ಯಾನನ್ನು ಅದೇ ಜಾಗದಲ್ಲಿ ಕಟ್ಟಿಡಿ, ಸಾಮಾನಿನ ಕೆಳಗೆ ಹೂತುಹೋಗದಂತೆ ಬಾಗಿಲ ಹತ್ತಿರದ ಸೀಟಿನಡಿ ಇರಲಿ. ತೀರದಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಮೊದಲು ಇಳಿಯಬೇಕಾದದ್ದು ಅದು, ಆಮೇಲೆ ಜನ.

ಇಂತಿ,
ಯಾತ್ರೆಗಳನ್ನು ಏರ್ಪಡಿಸುವ, ಗಾಡಿ ಓಡಿಸುವ, ಮಕ್ಕಳಿಗೆ ಈಜು ಮತ್ತು ಪಾಠ ಹೇಳಿಕೊಡುವ
ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕೆಲವರು